ಸಂಬಳಕ್ಕೆ ಸೇರದ ದುಡ್ಡು

ನಮ್ಮ ಮಾವನವರ ಎಡಗಿವಿ ಕಪ್ಪಗಿತ್ತು. ಬಲಗಿವಿ ಮೈಬಣ್ಣದ್ದೇ. ಎಡಗಿವಿ ಮಾತ್ರ ಹಾಲೆಯಿಂದ ಹಿಡಿದು ಒಳಗಿನ ಸುಳಿಯವರೆಗೆ ಗ್ರೀಸು ಕುಡಿದು, ಸೀಗೆಪುಡಿ ಹಾಕಿ ತಿಕ್ಕಿದರೂ ಬಿಡದ ಹಾಗೆ ಕಪ್ಪಾಗಿತ್ತು. ಚಳ್ಳಕೆರೆಯ ಒಂದು ಎಣ್ಣೆಮಿಲ್ಲಿನಲ್ಲಿ ಅವರು ಗಾಣಗಳ ಮೇಸ್ತ್ರಿ. ಶೇಂಗಾ ಅರೆಯುವ ಯಂತ್ರದ ಹೊಟ್ಟೆಯಲ್ಲಿ ಏನು ಕೆಟ್ಟಿದೆ ಎಂದು ತಿಳಿಯಬೇಕಾದರೆ, ಮೊಳದುದ್ದದ ಕಬ್ಬಿಣದ ಸರಳಿನ ಒಂದು ತುದಿಯನ್ನು ಯಂತ್ರಕ್ಕೆ ಒತ್ತಿ, ಇನ್ನೊಂದು ತುದಿಯನ್ನು ಎಡಗಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನನ್ನನ್ನು ನೋಡಲು ಬಂದ ದಿನ ತಲೆ ತಗ್ಗಿಸಿ ಕಾಫಿ ಲೋಟ ಹಿಡಿದು ಹೋದ ನನಗೆ ಮೊದಲು ಕಂಡದ್ದು ಹುಡುಗನ ಮುಖವಲ್ಲ, ಹುಡುಗನ ಅಪ್ಪನ ಈ ಕಿವಿ. ಅಯ್ಯೋ ಶಿವನೇ, ಇವರ ಮನೆಯಲ್ಲಿ ಕನ್ನಡಿ ಇಲ್ಲವೇ ಅಂದುಕೊಂಡೆ.

ಗಾಣದ ಸದ್ದಿನಲ್ಲಿ ಮೂವತ್ತು ವರ್ಷ ನಿಂತವರ ಕಿವಿ ಏನಾಗಬೇಕೋ ಅದೇ ಆಗಿತ್ತು. ತಮಗೆ ಕೇಳುವುದಿಲ್ಲವೆಂದು ಅವರು ಎಂದೂ ಒಪ್ಪಲಿಲ್ಲ. ಊರಿಗೆಲ್ಲ ಕೇಳುವುದಿಲ್ಲವೆಂದು ತಿಳಿದು ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದರು. ಅವರು ಗುಟ್ಟು ಹೇಳಿದರೆ ಎದುರು ಮನೆಯವರು ಬಾಗಿಲಿಗೆ ಬಂದು "ಏನಂತ್ರಿ ಮೇಸ್ತ್ರಿ?" ಎಂದು ಕೇಳಬೇಕಾಗುತ್ತಿರಲಿಲ್ಲ, ಕೂತಲ್ಲೇ ಗೊತ್ತಾಗಿರುತ್ತಿತ್ತು. ನಾನು ಬಸುರಿ ಎಂಬ ಸುದ್ದಿ ನನ್ನ ತವರಿಗೆ ಹೋಗುವ ಮೊದಲೇ ಮಿಲ್ಲಿನ ಹಮಾಲರಿಗೆ ಹೋಗಿತ್ತು. ನಾಚಿಕೆಯಿಂದ ಸತ್ತುಹೋದೆ. ಅತ್ತೆ ಒಳಗಿಂದ "ನಿಮ್ಮ ಬಾಯಿಗೆ ಬೀಗ ಹಾಕ" ಎಂದು ಬೈದರೆ, ಅದು ಮಾತ್ರ ಅವರಿಗೆ ಕೇಳುತ್ತಿರಲಿಲ್ಲ.

ನನ್ನ ತವರು ಮೊಳಕಾಲ್ಮೂರು. ಮನೆಮಾತು ತೆಲುಗು, ಮನೆಗೆಲಸ ರೇಷ್ಮೆ ಸೀರೆ. ನಮ್ಮಲ್ಲಿ ಅಪ್ಪನಿಗೆ ನಾಯ್ನ ಅನ್ನುತ್ತೇವೆ. ನನ್ನ ನಾಯ್ನ ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗದಲ್ಲಿ ಕಾಲಿಳಿಬಿಟ್ಟು ಬೆಳಗಿನಿಂದ ದೀಪ ಹಚ್ಚುವವರೆಗೆ ನೇಯುತ್ತಿದ್ದರು. ಮೆಲುಮಾತಿನ ಮನುಷ್ಯ. ಮಗ್ಗದ ಸದ್ದನ್ನು ಮೀರಿ ಅವರ ದನಿ ಎದ್ದದ್ದನ್ನು ನಾನು ಕೇಳಿದವಳಲ್ಲ. ಮಾವನವರೂ ನಮ್ಮ ಪೈಕಿಯವರೇ, ಆದರೆ ಅವರ ಮನೆಯಲ್ಲಿ ಮಗ್ಗವೂ ತೆಲುಗೂ ಅಜ್ಜನ ಕಾಲಕ್ಕೇ ಮುಗಿದಿದ್ದವು. ಮಗ ಅದೇ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತ. ಸಂಬಂಧ ತಂದವರು ದೇವಸಮುದ್ರದ ಒಬ್ಬ ಚಿಕ್ಕಪ್ಪ. ಅವರು ಹುಡುಗನಿಗೆ ತಿಂಗಳಿಗೆ ಎರಡು ಸಾವಿರ ಸಂಬಳ ಎಂದು ಹೇಳಿ ಕಳಿಸಿದ್ದರು. ತೊಂಬತ್ತರ ದಶಕದ ನಡುವಿನ ಮಾತು ಇದು. ನಮ್ಮ ಕೇರಿಯಲ್ಲಿ ಅದು ದೊಡ್ಡ ಸಂಬಳ.

ನೋಡಲು ಬಂದ ದಿನ ಉಪ್ಪಿಟ್ಟು ಮುಗಿದ ಮೇಲೆ ನಾಯ್ನ ಚಿಕ್ಕಪ್ಪನನ್ನು ಮೆಲ್ಲಗೆ ಕೇಳಿದರು, "ಚೇತಿಕಿ ಎಂತ ವಸ್ತಾದಿ?" ಕೈಗೆ ಎಷ್ಟು ಬರ್ತದೆ ಎಂದು. ನೇಕಾರರ ಮನೆಯಲ್ಲಿ ಕೇಳುವುದೇ ಹಾಗೆ. ಸೀರೆಗೆ ಇಷ್ಟು ಕೂಲಿ ಅನ್ನುವುದು ಒಂದು, ಅದರಲ್ಲಿ ಹಿಡಿದು ಬಿಟ್ಟು ಕೈಗೆ ಬೀಳುವುದು ಇನ್ನೊಂದು. ಅಷ್ಟು ತೆಲುಗು ಅರ್ಥವಾಗುತ್ತಿದ್ದ ಹುಡುಗ ತಾನೇ ಬಾಯಿ ಬಿಟ್ಟು, ಸಾವಿರದ ಆರುನೂರು ಚಿಲ್ಲರೆ ಬರ್ತದೆ ಅಂದರು.

"ಮಿಕ್ಕಿದ್ದು?"

ಚಿಕ್ಕಪ್ಪ ನಡುವೆ ಬಿದ್ದರು. "ಪಿ.ಎಫ್ ಅಂತ ಐತಣ್ಣ. ಇವನ ಸಂಬಳದಾಗೆ ಒಂದಿಷ್ಟು ಹಿಡೀತಾರೆ. ಮಾಲೀಕರು ತಮ್ಮ ಕಡೆಯಿಂದ ಅಷ್ಟೇ ಇವನ ಹೆಸರಿಗೆ ಹಾಕ್ತಾರೆ. ಕೈಗೆ ಕೊಡಲ್ಲ. ತಿಂಗಳಾ ತಿಂಗಳಾ ಬೆಳೀತಾನೇ ಹೋಗ್ತೈತೆ. ಕೆಲಸ ಬಿಡೋ ಕಾಲಕ್ಕೆ ಲೆಕ್ಕ."

ನಾಯ್ನನ ಮುಖ ಸಣ್ಣಗಾಯಿತು. ಎಲೆಅಡಿಕೆ ಕೊಟ್ಟು ಕಳಿಸಿದರು. ಮೂರು ದಿನ ಕಳೆದು ಜಾತಕ ಕೂಡಿಬರಲಿಲ್ಲ ಎಂದು ದೇವಸಮುದ್ರಕ್ಕೆ ಹೇಳಿಕಳಿಸಿದರು. ನನಗೆ ಹುಡುಗ ಹಿಡಿಸಿದ್ದ. ಯಾಕೆ ಎಂದರೆ ಈಗಲೂ ಸರಿಯಾಗಿ ಹೇಳಲಾರೆ. ಬಾಯಿ ತಪ್ಪಿ ನಿಜ ಹೇಳಿಬಿಟ್ಟು ಅಪ್ಪನ ಮುಖ ನೋಡಿದರಲ್ಲ, ಆ ಪೆಚ್ಚುಮೋರೆ ಇರಬೇಕು. ಅಡುಗೆಮನೆಯಲ್ಲಿ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ ಕಣ್ಣೀರು ಹಾಕಿದೆ. ಅಮ್ಮ ನಾಯ್ನನನ್ನು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು. ಆ ಹುಡುಗ ಮುಂಗಡದಲ್ಲಿ ಸಿಕ್ಕಿಕೊಂಡಿದ್ದಾನೆ.

ಮುಂಗಡ ಎಂದರೆ ನಮ್ಮ ಕೇರಿಯ ಮಕ್ಕಳಿಗೂ ಗೊತ್ತು. ಮಗ್ಗದ ಸಾಹುಕಾರರು ರೇಷ್ಮೆ ಕೊಡುತ್ತಾರೆ, ನೇಯ್ದ ಸೀರೆ ಒಯ್ದು ಕೂಲಿ ಕೊಡುತ್ತಾರೆ. ಕೂಲಿಯ ಮೇಲೆ ಅವರು ನೇಕಾರನ ಹೆಸರಿಗೆ ಒಂದು ರೂಪಾಯಿ ಬರೆದರೂ ಅದು ಮುಂಗಡ. ಅದು ತೀರುವವರೆಗೆ ಆ ಮಗ್ಗ ಬಿಟ್ಟು ಏಳುವ ಹಾಗಿಲ್ಲ. ಕೂಲಿ ಹೆಚ್ಚು ಕೊಡುವವರ ಮನೆ ಪಕ್ಕದಲ್ಲೇ ಇದ್ದರೂ ಹೋಗುವ ಹಾಗಿಲ್ಲ. ಹೆಸರಿಗೆ ಹಾಕುತ್ತಾರೆ, ಕೈಗೆ ಕೊಡುವುದಿಲ್ಲ, ತಿಂಗಳಿಂದ ತಿಂಗಳಿಗೆ ಬೆಳೆಯುತ್ತದೆ, ಕೆಲಸ ಬಿಡುವಾಗ ಲೆಕ್ಕ: ನಾಯ್ನ ಹುಟ್ಟಿದಾಗಿನಿಂದ ಕಂಡ ಮುಂಗಡವೂ ಇದೇ ತಾನೆ! ಗುಮಾಸ್ತನ ಕೆಲಸದ ಹುಡುಗ ಇಷ್ಟು ಎಳೆ ವಯಸ್ಸಿಗೇ ತಿಂಗಳಿಗೊಮ್ಮೆ ಮುಂಗಡ ಏರಿಸಿಕೊಳ್ಳುತ್ತಿದ್ದಾನೆ, ಅದನ್ನು ಸಂಬಳ ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ ಎಂದು ಅವರು ತಿಳಿದರು.

ಅಮಾವಾಸ್ಯೆಯ ದಿನ ಮಾವ ಒಬ್ಬರೇ ಬಸ್ಸು ಹತ್ತಿ ಬಂದರು. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ, ನೇಕಾರ ಮನೆಯಲ್ಲೇ ಸಿಗುತ್ತಾನೆ ಎಂಬ ಲೆಕ್ಕ ಅವರದು. ಅಂಥ ದಿನ ಸಂಬಂಧದ ಮಾತಿಗೆ ಬಂದ ಗಂಡಿನ ಅಪ್ಪಂದಿರಲ್ಲಿ ಇವರೇ ಮೊದಲಿಗರಿರಬೇಕು. ಜಗಲಿಯ ಮೇಲೆ ಕೂತವರೇ ಶುರು ಮಾಡಿದರು.

"ಜಾತ್ಕ ಕೂಡ್ಲಿಲ್ಲ ಅಂದ್ರಂತೆ. ನಾವು ಜಾತ್ಕ ಕೊಟ್ಟೇ ಇಲ್ಲಲ್ರೀ ಬೀಗರೇ!"

ಬೀಗರೇ ಎಂದು ಆಗಲೇ ಕರೆದುಬಿಟ್ಟಿದ್ದರು. ನಾಯ್ನ ನಾಚಿ, ನೆಲ ನೋಡುತ್ತಾ, ತಪ್ಪು ತಿಳಿಯಬೇಡಿ, ಮುಂಗಡ ಇರುವ ಹುಡುಗನಿಗೆ ಹೆಣ್ಣು ಕೊಡಲು ಮನಸ್ಸು ಬರುವುದಿಲ್ಲ ಅಂದರು. ಮಾವನಿಗೆ ಕೇಳಲಿಲ್ಲ. ಎಡಗಿವಿ ಮುಂದೆ ಮಾಡಿದರು. ನಾಯ್ನ ಇನ್ನೊಂದು ಸಲ ಹೇಳಬೇಕಾಯಿತು, ಇನ್ನಷ್ಟು ನಾಚಿದರು. ಮಾವ ಮೊದಲು ಕೇರಿ ನಡುಗುವ ಹಾಗೆ ನಕ್ಕರು. ನಾಯ್ನನ ಮುಖ ನೋಡಿ ನಗು ನಿಲ್ಲಿಸಿದರು.

"ಇದು ಮುಂಗಡ ಅಲ್ಲ ಕಣ್ರೀ. ಮಾಲೀಕರು ವಾಪಸು ಕೇಳಂಗಿಲ್ಲ."

"ಮತ್ತೆ ಸುಮ್ನೆ ಯಾಕೆ ಕೊಡ್ತಾರೆ? ಯಾವ ಸಾಹುಕಾರ ಸುಮ್ನೆ ಕೊಡ್ತಾನೆ ಹೇಳ್ರಿ."

"ಸುಮ್ನೆ ಎಲ್ಲಿ ಕೊಡ್ತಾರೆ! ಸರ್ಕಾರದ ಕಾಯ್ದೆ ಐತೆ. ಕೊಡ್ದಿದ್ರೆ ಕುತ್ತಿಗೆಗೆ ಬರ್ತೈತೆ, ಅದಕ್ಕೆ ಕೊಡ್ತಾರೆ."

"ಹುಡುಗ ಆ ಮಿಲ್ಲು ಬಿಟ್ಟು ಬೇರೆ ಕಡೆ ಹೋದ್ರೆ?"

"ದುಡ್ಡು ಅವನ ಹಿಂದೇನೇ ಹೋಗ್ತೈತೆ."

ನಾಯ್ನನಿಗೆ ಇದನ್ನು ನಂಬಲು ಬಹಳ ಹೊತ್ತು ಹಿಡಿಯಿತು. ಸಾಹುಕಾರನ ದುಡ್ಡು ಕೆಲಸಗಾರನನ್ನು ಎಳೆಯದೆ, ಅವನ ಹಿಂದೆ ನಡೆದುಕೊಂಡು ಹೋಗುತ್ತದೆ ಎಂದರೆ ಅವರಿಗೆ ಅದು ಕಟ್ಟುಕತೆ. ಅಷ್ಟಕ್ಕೇ ಬಿಟ್ಟಿದ್ದರೆ ಮಾವನ ಕೆಲಸ ಆಗುತ್ತಿತ್ತು. ಬಿಡುವ ಮನುಷ್ಯನೇ ಅಲ್ಲ.

"ಇನ್ನೊಂದು ಮಾತು ಐತೆ ಬೀಗರೇ. ಎರಡು ಸಾವಿರ ಅಂದಿದ್ದು ತಪ್ಪು. ಮಾಲೀಕರ ಪಾಲು ಸೇರಿಸಿ ಹೇಳ್ಯಾರೆ. ಅದನ್ನ ಸಂಬಳಕ್ಕೆ ಸೇರಿಸಬ್ಯಾಡ್ರಿ. ಆ ದುಡ್ಡಲ್ಲಿ ನಿಮ್ಮ ಮಗಳು ಒಂದು ಸೇರು ಅಕ್ಕಿ ತರಾಕಾಗಲ್ಲ. ಹಂಗಂತ ಸಾಲಕ್ಕೂ ಸೇರಿಸಬ್ಯಾಡ್ರಿ."

"ಮತ್ತೆ ಯಾವುದಕ್ಕೆ ಸೇರಿಸೋದು?" ನಾಯ್ನ ನಿಜವಾಗಿಯೂ ತಿಳಿಯಲೆಂದೇ ಕೇಳಿದರು.

ಮಾವ ತಲೆ ಕೆರೆದುಕೊಂಡರು. "ಯಾವುದಕ್ಕೂ ಸೇರಿಸಬ್ಯಾಡ್ರಿ. ಅದರ ಪಾಡಿಗೆ ಅದು ಇರ್ಲಿ."

ಬಾಗಿಲ ಹಿಂದೆ ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ. ತಮ್ಮ ಮಗನ ಸಂಬಳವನ್ನು ತಾವೇ ಇಳಿಸಲು ಇಷ್ಟು ದೂರ ಬಸ್ಸಿನಲ್ಲಿ ಬಂದಿದ್ದರು ಪುಣ್ಯಾತ್ಮ! ಹಾಗೆ ಬಂದದ್ದಕ್ಕೇ ನಾಯ್ನ ಒಪ್ಪಿದರು. ಎರಡು ತಿಂಗಳಲ್ಲಿ ಮದುವೆ ಆಯಿತು.

ಮದುವೆಯಾಗಿ ಹೋದ ಮೇಲೆ ಗೊತ್ತಾಯಿತು, ಆ ಮಾಲೀಕರ ಪಾಲು ಈ ಮನೆಯ ಹಳೆಯ ಜಗಳ ಎಂದು. ಭಾನುವಾರ ಮಧ್ಯಾಹ್ನ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಅಪ್ಪ ಮಗ ಕೂತರೆ ಮಾತು ಎಲ್ಲಿಂದಲೋ ಹೊರಟು ಅಲ್ಲಿಗೇ ಬರುತ್ತಿತ್ತು. ನನ್ನ ಗಂಡನ ವಾದ ಸೀದಾ. "ಮಾಲೀಕ ಏನು ದಾನ ಮಾಡ್ತಾನಾ ಅಪ್ಪ? ನಾವು ದುಡಿದಿದ್ದಕ್ಕೇ ಕೊಡೋದು. ಇವತ್ತು ಕೊಟ್ರೂ ಸಂಬಳ, ನಾಳೆ ಕೊಟ್ರೂ ಸಂಬಳ. ಹಾಗಿದ್ಮೇಲೆ ನನ್ನ ಸಂಬಳ ಎರಡು ಸಾವಿರ ಅಂದ್ರೆ ತಪ್ಪೇನು?"

"ಲೇ, ಎರಡು ಸಾವಿರ ಅಂತ ಹೇಳ್ಕೊಂಡು ತಿರುಗಿದ್ರೆ ಎರಡು ಸಾವಿರದಂಗೆ ಖರ್ಚು ಮಾಡ್ತೀಯ. ತಿಂಗಳ ಕೊನೆಗೆ ನನ್ನ ಹತ್ರ ಬಂದು ಹಲ್ಲು ಕಿರೀತೀಯ."

ಅದು ನಿಜವಾಗಿ ನಡೆಯುತ್ತಿದ್ದ ಸಂಗತಿ. ಆದರೂ ನನ್ನ ಗಂಡ ಒಳಗೆ ಬಂದು ನನ್ನ ಹತ್ತಿರ, ಅಪ್ಪನಿಗೆ ಲೆಕ್ಕ ತಿಳಿಯೋದಿಲ್ಲ ಎಂದು ಗೊಣಗುತ್ತಿದ್ದರು. ನನಗೆ ಇಬ್ಬರ ಮಾತೂ ಸರಿ ಎನಿಸುತ್ತಿತ್ತು. ಹೇಳಿದರೆ ಇಬ್ಬರಿಂದಲೂ ಬೈಸಿಕೊಳ್ಳಬೇಕಲ್ಲ ಎಂದು ಸುಮ್ಮನಿರುತ್ತಿದ್ದೆ.

ಮಾವ ಸಾಧು ಪ್ರಾಣಿಯೇನಲ್ಲ. ಹಟಮಾರಿ. ಮೊಮ್ಮಗಳ ಜೊತೆ ಚೌಕಾಬಾರ ಆಡುವಾಗ ಹಗಲುಹೊತ್ತಿನಲ್ಲೇ ಮೋಸ ಮಾಡುತ್ತಿದ್ದರು. ಕವಡೆ ಮೂರು ಬಿದ್ದರೆ ನಾಲ್ಕು ಎಂದು ಕೂಗಿ ಕಾಯಿ ನಡೆಸುತ್ತಿದ್ದರು, ಆ ಕೂಗಿಗೆ ಮಗು ಹೆದರಿ ಸುಮ್ಮನಾಗುತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆಯ ಮುಂದೆ ಕೂತೇ ಸಾರಿನ ಕತೆಯನ್ನು ಬೀದಿಗೆ ಒಪ್ಪಿಸುತ್ತಿದ್ದರು. ಆದರೆ ನನಗೆ ಜ್ವರ ಬಂದಾಗ ಬಾಗಿಲಲ್ಲಿ ನಿಂತು, ಒಳಗೆ ಬರಲು ಸಂಕೋಚಪಟ್ಟು, "ತಾಯೀ, ಗಂಜಿ ಕುಡಿದ್ಯೇನವ್ವಾ?" ಎಂದು ಗಂಟೆಗೊಮ್ಮೆ ಕೇಳುತ್ತಿದ್ದವರೂ ಅವರೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಚಳ್ಳಕೆರೆಯ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಹೊರಗಿನಿಂದ ಅಗ್ಗದ ಎಣ್ಣೆ ಬಂದು ಸುರಿದರೆ ಶೇಂಗಾ ಎಣ್ಣೆ ಯಾರಿಗೆ ಬೇಕು? ನಮ್ಮವರ ಮಿಲ್ಲನ್ನು ಹೊರಊರಿನ ಒಬ್ಬರು ಗುತ್ತಿಗೆಗೆ ಹಿಡಿದರು. ಅವರ ಮ್ಯಾನೇಜರು ಒಂದು ದಿನ ಮಾವನನ್ನು ಆಫೀಸಿಗೆ ಕರೆಸಿ, ಕುರ್ಚಿ ಕೊಟ್ಟು, ಟೀ ತರಿಸಿದರಂತೆ. ಕುರ್ಚಿ ಕೊಟ್ಟಾಗಲೇ ಏನೋ ಐತೆ ಅಂತ ಗೊತ್ತಾತು ಎಂದು ಮಾವ ಹೇಳುತ್ತಿದ್ದರು. ಇನ್ನು ಮೇಲೆ ಎಲ್ಲರ ಸಂಬಳವನ್ನೂ ಒಟ್ಟಾಗಿ ಹೇಳೋಣ, ಮಾಲೀಕರ ಪಾಲು ಅದರೊಳಗೇ ಬರಲಿ, ಮೇಸ್ತ್ರಿ ಮೊದಲು ಒಪ್ಪಿದರೆ ಉಳಿದವರೂ ಒಪ್ಪುತ್ತಾರೆ ಎಂಬುದು ಮ್ಯಾನೇಜರ ಮಾತು. ಕೇಳಲು ಚೆನ್ನಾಗಿಯೇ ಇತ್ತು. ಆದರೆ ಈಗ ಕೊಡುತ್ತಿರುವ ಸಂಬಳದೊಳಗಿನಿಂದಲೇ ಮಾಲೀಕರ ಪಾಲನ್ನೂ ತೆಗೆದರೆ, ಕೈಗೆ ಬೀಳುವುದು ಅಷ್ಟರಮಟ್ಟಿಗೆ ಇಳಿಯುತ್ತಿತ್ತು.

ಮಾವ ಟೀ ಮುಟ್ಟದೆ ಹೇಳಿದ ಮಾತನ್ನು ಮಿಲ್ಲಿನ ಅಂಗಳದಲ್ಲಿ ಶೇಂಗಾಕಾಯಿ ಆರಿಸುತ್ತಿದ್ದ ಹೆಂಗಸರೆಲ್ಲ ಕೇಳಿಸಿಕೊಂಡಿದ್ದರು. "ನಿಮ್ಮ ಪಾಲು ನಿಮ್ಮ ಜೇಬಿಂದ ಬರ್ಬೇಕು ಸಾರ್. ನನ್ನ ಜೇಬಿಗೆ ಕೈ ಹಾಕಿ ನನ್ನ ಹೆಸರಿಗೇ ಬರೆದ್ರೆ ಅದು ನಿಮ್ಮ ಪಾಲು ಹೆಂಗಾಗ್ತೈತೆ?"

ಸಂಜೆ ನನ್ನ ಗಂಡನಿಗೆ ಪೇಚಾಟ. "ಅವರು ಅದನ್ನ ಸಂಬಳ ಅಂತಾರೆ. ನಾನೂ ಇಷ್ಟು ವರ್ಷದಿಂದ ಅದನ್ನೇ ಅಂದೆನಲ್ಲ" ಎಂದು ತಲೆ ಮೇಲೆ ಕೈ ಹೊತ್ತು ಕೂತರು.

ಮಾವ ನಗಲಿಲ್ಲ. "ನೀನು ಸಂಬಳ ಅನ್ನೋದು ಅದು ನಿನಗೆ ದಕ್ಕಲಿ ಅಂತ. ಅವರು ಸಂಬಳ ಅನ್ನೋದು ನಿನ್ನ ಕೈಯಿಂದ ಕೀಳಾಕೆ. ಇಬ್ಬರ ಬಾಯಾಗೂ ಒಂದೇ ಮಾತು ಬಂದ್ರೆ ನಾನೇನು ಮಾಡ್ಲಪ್ಪ? ಆ ಮಾತೇ ಬ್ಯಾಡ ಅಂತೀನಿ."

ಕೊನೆಗೆ ಮ್ಯಾನೇಜರು ಹಳಬರನ್ನು ಹಾಗೆಯೇ ಬಿಟ್ಟು, ಹೊಸದಾಗಿ ಸೇರುವವರಿಗೆ ಮಾತ್ರ ಆ ಲೆಕ್ಕ ಹಚ್ಚಿದರು. ಮಾವನಿಗೆ ಮಾತ್ರ ಆಮೇಲೆ ಒಂದು ರೂಪಾಯಿ ಸಂಬಳ ಏರಲಿಲ್ಲ. ಅವರು ಅದನ್ನು ಮನೆಯಲ್ಲಿ ಎತ್ತಲೂ ಇಲ್ಲ. ಎಲ್ಲವನ್ನೂ ಕೂಗಿ ಹೇಳುವ ಮನುಷ್ಯ ಅದೊಂದನ್ನು ಯಾಕೆ ಬಿಟ್ಟರೋ ತಿಳಿಯದು. ನನ್ನ ಗಂಡನಿಂದ ನನಗೆ ತಿಳಿಯಿತು.

ಇತ್ತ ಮೊಳಕಾಲ್ಮೂರಿನಲ್ಲಿ ಅಮ್ಮ ತೀರಿಕೊಂಡಿದ್ದಳು. ನಾಯ್ನ ಒಬ್ಬರೇ ಬೇಯಿಸಿಕೊಂಡು, ಒಬ್ಬರೇ ನೇಯುತ್ತಿದ್ದರು. ಕಣ್ಣು ಮಂಜಾಗುತ್ತಿತ್ತು. ಎಳೆ ಕಡಿದರೆ ಕಾಣದೆ ಸೀರೆಯಲ್ಲಿ ತಪ್ಪು ಬೀಳುತ್ತಿತ್ತು. ತಪ್ಪು ಬಿದ್ದರೆ ಸಾಹುಕಾರರು ಕೂಲಿಯಲ್ಲಿ ಹಿಡಿಯುತ್ತಿದ್ದರು. ಕೆಟ್ಟವರೇನಲ್ಲ ಅವರು, ಲೆಕ್ಕದವರು. ಬಿಟ್ಟು ನಮ್ಮ ಜೊತೆ ಬಂದಿರಿ ಎಂದು ನಾನು ಹೋದಾಗಲೆಲ್ಲ ಕಾಲು ಹಿಡಿದೆ. "ಬರ್ತೀನಮ್ಮ, ಈ ಹಾಸು ಮುಗೀಲಿ" ಅನ್ನುತ್ತಿದ್ದರು. ಮಗ್ಗಕ್ಕೆ ಕಟ್ಟಿದ ಉದ್ದೆಳೆಗಳ ಆ ಹಾಸು ಮುಗಿಯುತ್ತಿತ್ತು, ಇನ್ನೊಂದು ಏರುತ್ತಿತ್ತು. ಅವರು ಬಾಯಿ ಬಿಡದಿದ್ದರೂ ನನಗೆ ಕಾರಣ ಗೊತ್ತಿತ್ತು. ಮಗ್ಗದ ಮೇಲೆ ಮುಂಗಡ ಇತ್ತು. ನನ್ನ ಮದುವೆಗೆ ತಂದ ಮುಂಗಡ. ಮುಂಗಡ ಇರುವ ಹುಡುಗನಿಗೆ ಮಗಳನ್ನು ಕೊಡುವುದಿಲ್ಲ ಎಂದ ಮನುಷ್ಯ, ಆ ಮಗಳ ಮದುವೆಗೆ ತಾನು ಮುಂಗಡ ತಂದು ಆ ಗುಂಡಿಯಲ್ಲಿ ಇಳಿದು ಕೂತಿದ್ದರು. ಇದನ್ನು ಗಂಡನ ಮುಂದೆ ಹೇಳಲು ಬಾಯಿ ಬರುತ್ತಿರಲಿಲ್ಲ. ಹೆಣ್ಣು ಕೊಟ್ಟ ಮನೆಯಿಂದ ಒಂದು ಹಿಡಿ ಅಕ್ಕಿ ಒಯ್ಯುವುದಕ್ಕೂ ನಾಚುವ ಜನ ನಾವು.

ಆ ಹೊತ್ತಿಗೆ ಮಾವ ನಿವೃತ್ತಿಯಾದರು. ಪಿ.ಎಫ್ ದುಡ್ಡು ಬಂತು. ನಮ್ಮ ಮನೆಯ ಸೂರು ತಗಡಿನದು, ಬೇಸಿಗೆಯಲ್ಲಿ ಒಳಗೆ ಕೂರಲಾಗದು, ಮಳೆ ಬಂದರೆ ಸೋರುವುದು. ಆರ್.ಸಿ.ಸಿ ಹಾಕಿಸಬೇಕೆಂಬುದು ಅತ್ತೆಯ ಎಷ್ಟೋ ವರ್ಷದ ಆಸೆ. ಗಾರೆ ಮೇಸ್ತ್ರಿ ಬಂದು ಅಳೆದೂ ಹೋಗಿದ್ದರು. ಮಾವ ಕೆಲಸವಿಲ್ಲದೆ ಕೈ ತುರಿಸುತ್ತಿದೆ ಎಂದು ಒಂದು ಬೆಳಿಗ್ಗೆ ಮೊಳಕಾಲ್ಮೂರಿಗೆ ಬೀಗರನ್ನು ನೋಡಿಬರುತ್ತೇನೆಂದು ಹೋದರು. ಸಂಜೆ ಬಂದವರು ಮಾತಾಡಲಿಲ್ಲ. ಕಾಲು ತೊಳೆದು ಬಂದು ಕೂತರು, ಊಟ ಮಾಡಿದರು, ಸಾರಿನ ಬಗ್ಗೆ ಒಂದು ಮಾತೂ ಇಲ್ಲ. ಮೈ ಹುಷಾರಿಲ್ಲವೇನೋ ಎಂದು ಅತ್ತೆ ಹಣೆ ಮುಟ್ಟಿ ನೋಡಿದರು.

"ಆ ಮನುಷ್ಯ ಕೆನ್ನೆ ಹಚ್ಚಿ ಎಳೆ ಹುಡುಕ್ತಾನೆ ಕಣೇ" ಅಂದರು ಮಾವ. "ಕಣ್ಣಲ್ಲಿ ಕಾಣಲ್ಲ. ಕೆನ್ನೆ ಹಚ್ಚಿ, ನಾಲಿಗೆ ಹಚ್ಚಿ ಹುಡುಕ್ತಾನೆ. ಯಾಕ್ರೀ ಇನ್ನೂ ನೇಯ್ತೀರಿ ಅಂದ್ರೆ ನಗ್ತಾನೆ. ಮದುವೆಗೆ ತಂದ ಮುಂಗಡ ಇನ್ನೂ ತೀರಿಲ್ಲ ಅಂತ ಪಕ್ಕದ ಮನೆಯವ್ರು ಹೇಳಿದ್ರು."

ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡೆ. ಮಾವ ಆಮೇಲೆ ತಮ್ಮ ಮಟ್ಟಿಗೆ ಪಿಸುಮಾತಿನಲ್ಲಿ ಅತ್ತೆಗೆ ಏನೋ ಹೇಳಿದರು. ಮಾಲೀಕರ ಪಾಲಿನಲ್ಲಿ ಪಿಂಚಣಿಗೆ ಹೋಗಿ ಉಳಿದಿದ್ದನ್ನು ಬೀಗರಿಗೆ ಕೊಟ್ಟುಬರ್ತೀನಿ ಅಂತಿದ್ದೀನಿ ಎಂಬ ಆ ಪಿಸುಮಾತು ನನಗೂ ಕೇಳಿತು, ಎದುರು ಮನೆಗೂ ಕೇಳಿರಬೇಕು. ಅತ್ತೆ ತಲೆಯೆತ್ತಿ ತಗಡಿನ ಕಡೆ ನೋಡಿದರು.

"ಹೋಗ್ರಿ, ಕೊಟ್ಟು ಬರ್ರಿ. ಸೋರೋ ಕಡೆ ಪ್ರತಿಸಲ ಇಡೋ ಪಾತ್ರೆ ಇಟ್ರಾಯ್ತು."

ಮಾರನೇ ವಾರ ಮಾವನ ಜೊತೆ ನಾನೂ ಹೋದೆ. ದಾರಿಯುದ್ದಕ್ಕೂ "ಮೆಲ್ಲಗೆ ಮಾತಾಡಿ ಮಾವ, ನಾಯ್ನ ಮಾನಿಷ್ಠರು, ಕೇರಿಯವರಿಗೆ ಕೇಳಬಾರದು" ಎಂದು ಬೇಡಿಕೊಂಡೆ. "ಆಗ್ಲವ್ವಾ, ಆಗ್ಲಿ" ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಒಪ್ಪಿಕೊಂಡರು.

ನಾಯ್ನ ಮಗ್ಗದಲ್ಲೇ ಇದ್ದರು. ಮಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನಿಜವಾಗಿಯೂ ದನಿ ತಗ್ಗಿಸಿ, ಕಾಗದದಲ್ಲಿ ಸುತ್ತಿದ ದುಡ್ಡನ್ನು ಮಗ್ಗದ ಹಲಗೆಯ ಮೇಲಿಟ್ಟು ವಿಷಯ ಹೇಳಿದರು. ನಾಯ್ನ ಲಾಳಿ ಕೆಳಗಿಟ್ಟರು. ಕೈ ಹಿಂದಕ್ಕೆ ಎಳೆದುಕೊಂಡರು.

"ನಿಮ್ಮ ದುಡಿಮೆ ದುಡ್ಡು ಬೀಗರೇ ಇದು. ಮಗಳನ್ನ ಕೊಟ್ಟ ಮನೆಯ ದುಡ್ಡು ನಾನು ಮುಟ್ಟಲ್ಲ. ತಕ್ಕೊಂಡ್ ಹೋಗ್ರಿ."

"ನನ್ನ ದುಡ್ಡಲ್ಲ ಕಣ್ರೀ."

"ನಿಮ್ಮದಲ್ದೆ ಇನ್ನ್ಯಾರದು?"

ಅಲ್ಲಿಗೆ ಮಾವನ ಪಿಸುಮಾತು ಮುಗಿಯಿತು. "ಎಷ್ಟು ಸಲ ಹೇಳ್ಬೇಕ್ರೀ ನಿಮಗೆ! ಇದು ನನ್ನ ಸಂಬಳ ಅಲ್ಲ! ನಾನು ದುಡಿದಿದ್ದು ಬ್ಯಾಂಕಲ್ಲಿ ಐತೆ, ಅದ್ರಲ್ಲಿ ಒಂದು ಪೈಸೆ ತಂದಿಲ್ಲ. ಇದು ಮಾಲೀಕರು ಹಾಕಿದ್ದು. ಒಬ್ಬ ಸಾಹುಕಾರನ ದುಡ್ಡು ಇನ್ನೊಬ್ಬ ಸಾಹುಕಾರನಿಗೆ ಹೋಗ್ಲಿ ಬಿಡ್ರಿ, ನಡುವೆ ನಿಮ್ಮದೇನು, ನನ್ನದೇನು!"

ಪಕ್ಕದ ಮನೆಯ ಮಗ್ಗ ನಿಂತಿತು. ಅದರಾಚೆಯದು ನಿಂತಿತು. ಹಗಲಿನಲ್ಲಿ ನಮ್ಮ ಕೇರಿ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಕಂಡಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಯ್ನ ಮಾವನ ಮುಖವನ್ನು, ಎಷ್ಟು ಕಾಣುತ್ತಿತ್ತೋ ಅಷ್ಟು, ನೋಡುತ್ತಲೇ ಇದ್ದರು. ಆಮೇಲೆ ಆ ಕಾಗದದ ಸುತ್ತನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಮಾವ ಎದ್ದು ನಿಂತು, ಅವರ ಎರಡೂ ಕಂಕುಳಿಗೆ ಕೈ ಕೊಟ್ಟು ಮೇಲೆತ್ತಿದರು. ಇಬ್ಬರೂ ಸಾಹುಕಾರರ ಮನೆಗೆ ನಡೆದು ಹೋಗಿ, ಅರ್ಧ ಗಂಟೆಯಲ್ಲಿ ಲೆಕ್ಕ ಮುಗಿಸಿ ಬಂದರು.

ಹಾಸು ಮುಗಿಸಿ ನಾಯ್ನ ಚಳ್ಳಕೆರೆಗೆ ಬಂದರು. ಮಗಳ ಮನೆಯಲ್ಲಿ ಇರುವುದು ಹೇಗೆ ಎಂದು ಅವರಿಗೆ ಸಂಕೋಚ. ಮಾವ ಆ ಸಂಕೋಚಕ್ಕೆ ಎಡೆಯನ್ನೇ ಕೊಡಲಿಲ್ಲ, ಎದ್ದ ಕೂಡಲೆ ಚೌಕಾಬಾರಕ್ಕೆ ಎಳೆಯುತ್ತಿದ್ದರು. ಒಬ್ಬರಿಗೆ ಕವಡೆ ಸರಿಯಾಗಿ ಕಾಣುತ್ತಿರಲಿಲ್ಲ, ಇನ್ನೊಬ್ಬರಿಗೆ ಎದುರಾಳಿಯ ತಕರಾರು ಕೇಳುತ್ತಿರಲಿಲ್ಲ. ಮಾವನ ಮೋಸಕ್ಕೆ ಅದು ಸುಗ್ಗಿಯ ಕಾಲ. ನಾಯ್ನನ ಒಂದು ಕಣ್ಣಿಗೆ ಆಪರೇಷನ್ ಮಾಡಿಸಿದ ಮೇಲೆ ಮೋಸ ಹೊರಬಿತ್ತು, ಎರಡು ದಿನ ಇಬ್ಬರೂ ಮಾತು ಬಿಟ್ಟರು. ನಾನು ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ಹಾಕಿ ನಡುವೆ ಇಟ್ಟು ಬಂದೆ. ಅಮ್ಮನಿಲ್ಲದ ಮೇಲೆ ನಾಯ್ನ ನಗುವುದನ್ನು ನಾನು ನೋಡಿದ್ದು ಆ ಜಗಲಿಯಲ್ಲಿ. ಆ ವರ್ಷಗಳನ್ನು ನನಗೆ ಕೊಟ್ಟವರು ಮಾವ. ಯಾರು ಏನೇ ಅನ್ನಲಿ, ಹೆತ್ತಪ್ಪನನ್ನು ಹೀಗೆ ಕೈಗೆ ತಂದುಕೊಟ್ಟವರ ಋಣ ನನಗೆ ತೀರಿಸಲು ಬಾರದು.

ಮಾವ ಹೋದದ್ದು ಒಂದು ಚಳಿಗಾಲದಲ್ಲಿ. ಜ್ವರ ಎಂದು ಮಲಗಿದವರು ಎದೆಗೆ ಕಫ ಕಟ್ಟಿ, ವಾರವೂ ಆಗದೆ ಹೋದರು. ಕೊನೆಯ ಎರಡು ದಿನ ಅವರ ದನಿ ಉಡುಗಿತ್ತು, ಏನು ಹೇಳಿದರೂ ನಾವು ಬಾಯಿಯ ಹತ್ತಿರ ಕಿವಿ ಒಯ್ಯಬೇಕಾಗಿತ್ತು. ಅದನ್ನು ನನಗೆ ತಡೆಯಲಾಗಲಿಲ್ಲ.

ಹನ್ನೊಂದನೇ ದಿನದ ಊಟಕ್ಕೆ ನೆಂಟರು, ಮಿಲ್ಲಿನವರು, ದೇವಸಮುದ್ರದ ಚಿಕ್ಕಪ್ಪ ಎಲ್ಲ ಬಂದಿದ್ದರು. ಎಲೆ ಹಾಕಿ ಬಡಿಸುತ್ತಿದ್ದಾಗ ಚಿಕ್ಕಪ್ಪ ಮಾವನನ್ನು ಹೊಗಳಲೆಂದೇ ಒಂದು ಮಾತಂದರು. "ಪುಣ್ಯಾತ್ಮ. ಸಂಬಳದ ದುಡ್ಡು ಮನೆಗಿಟ್ಟ, ಮಾಲೀಕರು ಕೊಟ್ಟ ದುಡ್ಡನ್ನ ಬೀಗರಿಗೆ ಕೊಟ್ಟ. ಹಂಗೆ ಸಿಕ್ಕಿದ್ದನ್ನೂ ಇಟ್ಕೊಳ್ಳೋ ಜನ ಅಲ್ಲ ಅವನು."

ಪಂಕ್ತಿಯ ತುದಿಯಲ್ಲಿ ಕೂತಿದ್ದ ನಾಯ್ನ ಎಲೆಯ ಮುಂದಿನಿಂದ ಎದ್ದರು. ಊಟದ ನಡುವೆ ಏಳಬಾರದು ಎಂದು ಯಾರೋ ಕೈ ಹಿಡಿದರು. ಅವರು ಕೊಡವಿಕೊಂಡರು.

"ಹಂಗೆ ಸಿಕ್ಕಿದ್ದಲ್ಲ ಅದು!" ಅಂದರು. ಅಷ್ಟು ಗಟ್ಟಿ ದನಿ ನಾಯ್ನನ ಒಳಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಬಡಿಸುವವರು ನಿಂತರು. "ಅದು ಅವರ ಸಂಬಳಾನೇ. ಮೂವತ್ತು ವರ್ಷ ಕಿವಿ ಸುಟ್ಕೊಂಡು ದುಡಿದ ದುಡ್ಡು. ಸಂಬಳ ಅಲ್ಲ, ಸಂಬಳ ಅಲ್ಲ ಅಂತ ಕೂಗಿದ್ರಲ್ಲ, ನಾನು ಈಸ್ಕೊಳ್ಳಲಿ ಅಂತ ಕೂಗಿದ್ರು. ನನ್ನ ಮರ್ಯಾದೆ ಉಳೀಲಿ ಅಂತ ಕೂಗಿದ್ರು. ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೇ ಈಸ್ಕೊಂಡೆ."

ನನ್ನ ಗಂಡ ಸಾರಿನ ಬಕೆಟ್ಟನ್ನು ಕೆಳಗಿಟ್ಟು ನಾಯ್ನನ ಹತ್ತಿರ ಹೋದರು. ಎಷ್ಟೋ ಭಾನುವಾರ ಇದೇ ಮಾತನ್ನು ಹೇಳಿ ಅಪ್ಪನ ಮುಂದೆ ಸೋತವರು ಅವರು.

"ಹೌದು ಮಾವ, ಸಂಬಳಾನೇ" ಎಂದು ಅವರ ಭುಜ ಹಿಡಿದು ಕೂರಿಸಿದರು. "ಊಟ ಮಾಡ್ರಿ."